ಡಯಾಲಿಸಿಸ್ ಸೇವೆ: ಚಾಮರಾಜನಗರ ಮತ್ತು ಗುಂಡ್ಲುಪೇಟೆ

ಮೂತ್ರಪಿಂಡಗಳು ಪೂರ್ತಿ ಕೈಕೊಟ್ಟಾಗ ರಕ್ತದಲ್ಲಿ ಸೇರುವ ಕಲ್ಮಶವನ್ನೂ ಹೆಚ್ಚುವರಿ ನೀರನ್ನೂ ಹೊರಗಿನಿಂದ ತೆಗೆಯುವ ಚಿಕಿತ್ಸೆ ಡಯಾಲಿಸಿಸ್. ಕರ್ನಾಟಕದ ದಕ್ಷಿಣ ಗಡಿಯ ಚಾಮರಾಜನಗರ ಜಿಲ್ಲೆಯಲ್ಲಿ, ಅದರಲ್ಲೂ ಗುಂಡ್ಲುಪೇಟೆಯಂಥ ತಾಲ್ಲೂಕು ಕೇಂದ್ರದಲ್ಲಿ, ಈ ಸೇವೆ ಬೇರೂರಿದ್ದು ತೀರ ಈಚೆಗೆ. ಇದರ ಬಗ್ಗೆ ಸಿಗುವ ಬರಹಗಳಲ್ಲಿ ಮೂರು ಬೇರೆಬೇರೆ ಸಂಗತಿಗಳು ಒಂದರೊಳಗೊಂದು ಕಲಸಿಹೋಗಿವೆ: ಕೇಂದ್ರದ ಉದ್ಘಾಟನೆ, ಯಂತ್ರಗಳ ಅಳವಡಿಕೆ, ರೋಗಿಗೆ ವಾರವಾರ ತಪ್ಪದೆ ಸಿಗುವ ಚಿಕಿತ್ಸೆ. ಮೊದಲ ಎರಡಕ್ಕೆ ಸರ್ಕಾರಿ ಪ್ರಕಟಣೆಗಳು ಬೇಕಾದಷ್ಟಿವೆ. ಸೇವೆ ಸುಧಾರಿಸಿತೇ ಎಂಬುದನ್ನು ತೀರ್ಮಾನಿಸುವುದು ಮಾತ್ರ ಮೂರನೆಯದು.

ಯಂತ್ರದ ಕಥೆ ಎಲ್ಲೆಡೆ ದಾಖಲಾಗಿದೆ. 1924ರಲ್ಲಿ ಜರ್ಮನಿಯ ಗೀಸನ್‌ನಲ್ಲಿ ಗಿಯಾರ್ಗ್ ಹಾಸ್ ಮನುಷ್ಯನ ಮೇಲೆ ಮೊದಲ ಪ್ರಯೋಗ ನಡೆಸಿದ. ನೆದರ್ಲೆಂಡ್ಸ್‌ನ ಕಾಂಪೆನ್ ಪಟ್ಟಣದ ವಿಲೆಮ್ ಕೋಲ್ಫ್, ಯುದ್ಧಕಾಲದ ಅಭಾವದ ನಡುವೆ, ಮರದ ಉರುಳೆಗೆ ಸೆಲೊಫೇನ್ ಕೊಳವೆ ಸುತ್ತಿ 1943ರಲ್ಲಿ ಯಂತ್ರ ಕಟ್ಟಿದ. ಅದರಿಂದ ಮೊದಲ ಜೀವ ಉಳಿದದ್ದು 1945ರಲ್ಲಿ. ಆಗಿನ ಡಯಾಲಿಸಿಸ್ ಕೆಲವು ದಿನಗಳ ಗಂಡಾಂತರ ದಾಟಿಸುವ ಉಪಾಯವಷ್ಟೆ. ಪ್ರತಿ ಸಲವೂ ಹೊಸ ರಕ್ತನಾಳ ಚುಚ್ಚಬೇಕಿದ್ದರಿಂದ ವರ್ಷಗಟ್ಟಲೆ ನಡೆಸುವ ಹಾಗಿರಲಿಲ್ಲ. 1960ರಲ್ಲಿ ಸಿಯಾಟಲ್‌ನ ಬೆಲ್ಡಿಂಗ್ ಸ್ಕ್ರಿಬ್ನರ್ ತೋಳಿನಲ್ಲೇ ಉಳಿಯುವ ಟೆಫ್ಲಾನ್ ಕೊಳವೆಯನ್ನೂ, 1966ರಲ್ಲಿ ನ್ಯೂಯಾರ್ಕ್‌ನ ಬ್ರೆಷಿಯಾ ಮತ್ತು ಚಿಮಿನೊ ಮೊದಲಾದವರು ಅಪಧಮನಿಯನ್ನು ಅಭಿಧಮನಿಗೆ ಹೊಲಿದು ಜೋಡಿಸುವ ಫಿಸ್ಟುಲಾವನ್ನೂ ತಂದ ಮೇಲೆ ಅದು ಜೀವಮಾನದ ಚಿಕಿತ್ಸೆಯಾಯಿತು. ವಾರಕ್ಕೆ ಮೂರು ಸಲ, ಸಲಕ್ಕೆ ಸುಮಾರು ನಾಲ್ಕು ಗಂಟೆ ಎಂಬ ಲೆಕ್ಕ ಆಮೇಲೆ ರೂಢಿಗೆ ಬಂತು.

ಭಾರತದ ‘ಮೊದಲು’ಗಳ ವಿಷಯದಲ್ಲಿ ಬರಹಗಳು ಒಮ್ಮತಕ್ಕೆ ಬರುವುದಿಲ್ಲ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಹಿಮೋಡಯಾಲಿಸಿಸ್ ಶುರುವಾಯಿತು ಎಂಬಲ್ಲಿ ತಕರಾರಿಲ್ಲ. ವರ್ಷವನ್ನು ಕೆಲವರು 1961 ಎಂದೂ ಕೆಲವರು 1962 ಎಂದೂ ಬರೆಯುತ್ತಾರೆ. ಕಿಡ್ನಿ ಕಸಿಯಲ್ಲೂ ಇದೇ ಪಾಡು. ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ 1965ರಲ್ಲೇ ಕಸಿ ನಡೆದಿತ್ತು, ಯಶಸ್ಸು ದಕ್ಕಿದ್ದು 1971ರಲ್ಲಿ ವೆಲ್ಲೂರಿನಲ್ಲಿ. ಯಾವುದನ್ನು ಮೊದಲು ಎನ್ನಬೇಕೆಂಬುದು ಯತ್ನವನ್ನು ಎಣಿಸುತ್ತೇವೋ ಫಲವನ್ನು ಎಣಿಸುತ್ತೇವೋ ಎಂಬುದರ ಮೇಲೆ ನಿಂತಿದೆ. ತಾಲ್ಲೂಕು ಆಸ್ಪತ್ರೆಗಳ ಲೆಕ್ಕದಲ್ಲೂ ಇದೇ ತೊಡಕು ಎದುರಾಗುತ್ತದೆ.

ಚಾಮರಾಜನಗರ 1997ರ ಆಗಸ್ಟ್ 15ರಂದು ಮೈಸೂರಿನಿಂದ ಬೇರ್ಪಟ್ಟು ಜಿಲ್ಲೆಯಾಯಿತು. ಆಡಳಿತ ಬೇರೆಯಾದರೂ ದೊಡ್ಡ ಕಾಯಿಲೆಗೆ ಮೈಸೂರೇ ಗತಿಯಾಗಿ ಉಳಿಯಿತು: ಕೆ.ಆರ್. ಆಸ್ಪತ್ರೆ, ಜೆಎಸ್ಎಸ್ ಆಸ್ಪತ್ರೆ, ಇಲ್ಲವೇ ಖಾಸಗಿ ನರ್ಸಿಂಗ್ ಹೋಮ್. ಗುಂಡ್ಲುಪೇಟೆಯಿಂದಾಗಲಿ ಚಾಮರಾಜನಗರದಿಂದಾಗಲಿ ಮೈಸೂರಿಗೆ ಸುಮಾರು 60 ಕಿಲೋಮೀಟರ್. ವಾರಕ್ಕೆ ಮೂರು ಸಲ ಹೋಗಿಬಂದರೆ 360 ಕಿಲೋಮೀಟರ್ ಆಗುತ್ತದೆ. ಚಾಮರಾಜನಗರಕ್ಕೆ ರೈಲಾದರೂ ಉಂಟು. ಗುಂಡ್ಲುಪೇಟೆಗೆ ಬಸ್ಸೇ ಗತಿ, ಬೇಗೂರು ಹಾದು ನಂಜನಗೂಡಿನ ಮೇಲೆ ಹೋಗಬೇಕು. ಬಂಡೀಪುರದ ಅಂಚಿನ ಹಳ್ಳಿಯವರು ಗುಂಡ್ಲುಪೇಟೆ ತಲುಪುವುದೇ ಒಂದು ಪ್ರಯಾಣ. ಡಯಾಲಿಸಿಸ್ ಮುಗಿದ ಮೇಲೆ ರಕ್ತದೊತ್ತಡ ಇಳಿದು ಸುಸ್ತು ಹತ್ತುವುದರಿಂದ ರೋಗಿಯ ಜೊತೆಗೊಬ್ಬರು ಬೇಕು. ಅರಿಶಿನ, ಚೆಂಡುಹೂವಿನ ಹೊಲದಲ್ಲೋ ಕರಿಕಲ್ಲಿನ ಕ್ವಾರಿಯಲ್ಲೋ ದಿನಗೂಲಿ ಮಾಡುವ ಮನೆಗೆ ಅದು ವಾರದಲ್ಲಿ ಮೂರು ದಿನ ಇಬ್ಬರ ಕೂಲಿ ತಪ್ಪಿಸುವ ಕಾಯಿಲೆ. 1960ರ ದಶಕದ ಸಿಯಾಟಲ್‌ನಲ್ಲಿ ಯಂತ್ರಗಳು ಸಾಲದೆ ಯಾರಿಗೆ ಚಿಕಿತ್ಸೆ ಕೊಡಬೇಕೆಂದು ಊರಿನ ಒಂದು ಸಮಿತಿ ಕೂತು ಆರಿಸುತ್ತಿತ್ತು. ಅದು ವೈದ್ಯಕೀಯ ನೀತಿಶಾಸ್ತ್ರದ ಪಠ್ಯಗಳಲ್ಲೆಲ್ಲ ಇದೆ. ಈ ತಾಲ್ಲೂಕುಗಳಲ್ಲಿ ಆ ಆಯ್ಕೆಯನ್ನು ಬಸ್ಸಿನ ದುಡ್ಡೇ ಮಾಡಿತು, ಅದಕ್ಕೆ ಕಡತವಿಲ್ಲ.

ಆರೋಗ್ಯ ವಿಮೆಯ ಮೊದಲ ಯೋಜನೆಗಳಿಂದ ಈ ರೋಗಿಗಳಿಗೆ ಆದ ಅನುಕೂಲ ಅಷ್ಟಕ್ಕಷ್ಟೆ. 2003ರ ಯಶಸ್ವಿನಿ ಸಹಕಾರಿ ಸದಸ್ಯರ ಶಸ್ತ್ರಚಿಕಿತ್ಸೆಗೆಂದು ಹುಟ್ಟಿದ್ದು. 2010ರ ವಾಜಪೇಯಿ ಆರೋಗ್ಯಶ್ರೀ ಬಿಪಿಎಲ್ ಕುಟುಂಬಗಳ ದುಬಾರಿ ಚಿಕಿತ್ಸೆಗೆ ಆಸರೆಯಾಯಿತಾದರೂ ಅದೂ ಒಂದು ಸಲ ದಾಖಲಾಗಿ ಗುಣವಾಗಿ ಮನೆಗೆ ಹೋಗುವ ರೋಗಿಯನ್ನು ಮನಸ್ಸಿನಲ್ಲಿಟ್ಟುಕೊಂಡ ಏರ್ಪಾಡು. ಬದುಕಿರುವವರೆಗೂ ವಾರವಾರ ಬರುವ ಖರ್ಚು ಪ್ಯಾಕೇಜಿನ ಲೆಕ್ಕಕ್ಕೆ ಸುಲಭವಾಗಿ ಒಗ್ಗುವಂಥದಲ್ಲ.

ತಿರುವು ಬಂದದ್ದು 2016ರಲ್ಲಿ. ಆ ವರ್ಷದ ಕೇಂದ್ರ ಬಜೆಟ್ಟಿನಲ್ಲಿ ಅರುಣ್ ಜೇಟ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಪ್ರಕಟಿಸಿದರು. ದೇಶದಲ್ಲಿ ವರ್ಷಕ್ಕೆ 2.2 ಲಕ್ಷ ಮಂದಿ ಹೊಸದಾಗಿ ಕೊನೆಯ ಹಂತದ ಕಿಡ್ನಿ ವೈಫಲ್ಯಕ್ಕೆ ಸೇರುತ್ತಾರೆ, ಅದರಿಂದ 3.4 ಕೋಟಿ ಡಯಾಲಿಸಿಸ್‌ಗಳ ಹೆಚ್ಚುವರಿ ಬೇಡಿಕೆ ಹುಟ್ಟುತ್ತದೆ, ಇರುವ ಸುಮಾರು 4,950 ಕೇಂದ್ರಗಳಲ್ಲಿ ಬಹುಪಾಲು ಖಾಸಗಿಯವು, ಒಂದು ಸಲಕ್ಕೆ ಸುಮಾರು 2,000 ರೂಪಾಯಿಯಂತೆ ವರ್ಷದ ವೆಚ್ಚ 3 ಲಕ್ಷ ದಾಟುತ್ತದೆ ಎಂಬ ಅಂಕಿಗಳನ್ನು ಭಾಷಣದಲ್ಲೇ ಕೊಡಲಾಗಿತ್ತು. ಖಾಸಗಿ ಪಾಲುದಾರಿಕೆಯಲ್ಲಿ ಜಿಲ್ಲಾ ಆಸ್ಪತ್ರೆಗಳಲ್ಲಿ ಸೇವೆ, ಬಡವರಿಗೆ ಉಚಿತ ಎಂಬುದು ಯೋಜನೆಯ ತಿರುಳು. ಕರ್ನಾಟಕ ಒಂದು ಹೆಜ್ಜೆ ಮುಂದೆ ಹೋಗಿ ತಾಲ್ಲೂಕು ಆಸ್ಪತ್ರೆಗಳವರೆಗೆ ಇದನ್ನು ಒಯ್ದಿತು. ಚಾಮರಾಜನಗರದ ಜಿಲ್ಲಾಸ್ಪತ್ರೆಯ ಜೊತೆಗೆ ಗುಂಡ್ಲುಪೇಟೆ, ಕೊಳ್ಳೇಗಾಲದ ಸರ್ಕಾರಿ ಆಸ್ಪತ್ರೆಗಳೂ ಈ ಜಾಲದೊಳಗೆ ಬಂದವು. ಅರವತ್ತು ಕಿಲೋಮೀಟರಿನ ಪ್ರಯಾಣ ತಾಲ್ಲೂಕಿನೊಳಗಿನ ಪ್ರಯಾಣವಾಯಿತು. ಈ ಇತಿಹಾಸದ ಅತಿ ದೊಡ್ಡ ಸುಧಾರಣೆ ಅದೇ.

ಸೇವೆಯನ್ನು ಹೊರಗುತ್ತಿಗೆಗೆ ಕೊಡಲಾಗಿತ್ತು: ಜಾಗ, ನೀರು, ವಿದ್ಯುತ್ತು ಆಸ್ಪತ್ರೆಯದು, ತಂತ್ರಜ್ಞರೂ ಸಾಮಗ್ರಿಯೂ ಗುತ್ತಿಗೆ ಸಂಸ್ಥೆಯದು, ನಡೆಸಿದ ಪ್ರತಿ ಡಯಾಲಿಸಿಸ್‌ಗೆ ಸರ್ಕಾರದಿಂದ ಇಂತಿಷ್ಟು ಹಣ. ಕಾಗದದ ಮೇಲೆ ಅಚ್ಚುಕಟ್ಟಾಗಿದ್ದ ಈ ಏರ್ಪಾಡು ಕೆಲವೇ ವರ್ಷಗಳಲ್ಲಿ ರಾಜ್ಯದ ಹಲವೆಡೆ ಜಗ್ಗಿತು. ಬಿಲ್ಲು ಬಾಕಿಯಿದೆ ಎಂದು ಗುತ್ತಿಗೆದಾರರು, ನಿರ್ವಹಣೆ ಸರಿಯಿಲ್ಲ ಎಂದು ಇಲಾಖೆ. ಇಬ್ಬರ ಮಾತೂ ಸುದ್ದಿಗಳಲ್ಲಿ ಅಕ್ಕಪಕ್ಕದಲ್ಲೇ ಸಿಗುತ್ತದೆ. ಒಂದು ಒಪ್ಪಂದ ಮುರಿದು ಅದರ ಕೇಂದ್ರಗಳು ತಾತ್ಕಾಲಿಕವಾಗಿ ಇನ್ನೊಂದು ಸಂಸ್ಥೆಯ ಕೈಗೆ ಹೋದವು. 2023ರಲ್ಲಿ ಡಯಾಲಿಸಿಸ್ ಸಿಬ್ಬಂದಿ ಬಾಕಿ ವೇತನ, ಪಿಎಫ್, ಇಎಸ್ಐಗಾಗಿ ಮುಷ್ಕರಕ್ಕೆ ಇಳಿದರು. ಈ ಜಗಳದ ದಾಖಲೆಯಲ್ಲಿ ಎದ್ದುಕಾಣುವ ಅಂಶವೆಂದರೆ ಕೇಂದ್ರಗಳ ಸಂಖ್ಯೆ ಎಲ್ಲೂ ಕಡಿಮೆಯಾಗುವುದಿಲ್ಲ. ಕೆಟ್ಟು ನಿಂತ ಯಂತ್ರವೂ ಪಟ್ಟಿಯಲ್ಲಿ ಯಂತ್ರವೇ. ಮೂರು ಸಲದ ಬದಲು ಎರಡೇ ಸಲ ಡಯಾಲಿಸಿಸ್ ಸಿಕ್ಕ ರೋಗಿಯೂ ಫಲಾನುಭವಿಯೇ.

ನಡುವೆ ಕೋವಿಡ್ ಬಂತು. 2020ರ ಜೂನ್‌ವರೆಗೆ ಚಾಮರಾಜನಗರ ಜಿಲ್ಲೆಯಲ್ಲಿ ಸೋಂಕಿನ ಒಂದು ಪ್ರಕರಣವೂ ಇರಲಿಲ್ಲ, ಹಸಿರು ವಲಯವೆಂದು ರಾಜ್ಯವೆಲ್ಲ ಹೊಗಳಿತು. ಆದರೆ ಲಾಕ್‌ಡೌನ್ ಎಲ್ಲ ಜಿಲ್ಲೆಗೂ ಒಂದೇ, ಬಸ್ಸು ನಿಂತಿತ್ತು. ಡಯಾಲಿಸಿಸ್ ಮುಂದೂಡಬಹುದಾದ ಚಿಕಿತ್ಸೆಯಲ್ಲ. ಎರಡು ಮೂರು ಸರದಿ ತಪ್ಪಿದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯ ನಿಲ್ಲಬಹುದು, ಶ್ವಾಸಕೋಶಕ್ಕೆ ನೀರು ತುಂಬಬಹುದು. ಊರಿನ ಹತ್ತಿರ ಕೇಂದ್ರವಿರುವುದರ ಬೆಲೆ ಆ ತಿಂಗಳುಗಳಲ್ಲಿ ತಿಳಿಯಿತು.

ಕೇಂದ್ರವೊಂದರ ಗುಣಮಟ್ಟ ತಿಳಿಯಬೇಕಾದರೆ ಯಂತ್ರಗಳಿರುವ ಹಾಲಿಗಿಂತ ಅದರ ಹಿಂದಿನ ಕೋಣೆಯನ್ನು ಮೊದಲು ನೋಡಬೇಕು. ಡಯಾಲೈಸರ್ ಎಂಬ ಕೊಳವೆಯೊಳಗೆ ಸಾವಿರಾರು ಕೂದಲೆಳೆಯಂಥ ನಾಳಗಳಿರುತ್ತವೆ. ಅವುಗಳೊಳಗೆ ರಕ್ತ, ಹೊರಗೆ ನಿಮಿಷಕ್ಕೆ ಸುಮಾರು 500 ಮಿಲಿಲೀಟರ್ ದ್ರಾವಣ. ನಾಲ್ಕು ಗಂಟೆಗೆ 120 ಲೀಟರ್. ನಾವು ಕುಡಿಯುವ ನೀರನ್ನು ಕರುಳೂ ಕಿಡ್ನಿಯೂ ಸೋಸುತ್ತವೆ. ದ್ರಾವಣದ ಈ ನೀರಿಗೂ ರಕ್ತಕ್ಕೂ ನಡುವೆ ಇರುವುದು ಒಂದು ತೆಳು ಪೊರೆ ಮಾತ್ರ. ಅದಕ್ಕೇ ಹಿಂದಿನ ಕೋಣೆಯಲ್ಲಿ ಗಡಸುತನ ತೆಗೆಯುವ ಸಾಫ್ಟ್‌ನರ್, ಕ್ಲೋರಿನ್ ಹೀರುವ ಇದ್ದಿಲಿನ ಟ್ಯಾಂಕು, ಕೊನೆಗೆ ಆರ್‌ಒ ಸಾಲಾಗಿ ನಿಂತಿರುತ್ತವೆ. ಆರ್‌ಒ ಬಿಸಾಡುವ ನೀರನ್ನೂ ಸೇರಿಸಿದರೆ ಒಬ್ಬ ರೋಗಿಗೆ 120 ಲೀಟರಿಗಿಂತ ಎಷ್ಟೋ ಹೆಚ್ಚು ನೀರು ಬೇಕು. ಗುಂಡ್ಲುಪೇಟೆಯಂಥ ಮಳೆ ಕಡಿಮೆಯ ತಾಲ್ಲೂಕಿನಲ್ಲಿ ಇದು ಸಣ್ಣ ಮಾತಲ್ಲ. ಬೋರ್‌ವೆಲ್ ನೀರು ಗಡಸಾದಷ್ಟೂ ಆರ್‌ಒ ಪೊರೆ ಬೇಗ ಕಟ್ಟಿಕೊಳ್ಳುತ್ತದೆ, ಪೊರೆ ಬದಲಿಸುವವರೆಗೆ ಯಂತ್ರಗಳು ಸುಮ್ಮನೆ ನಿಲ್ಲುತ್ತವೆ.

ಫ್ಲೋರೈಡಿನ ಬಗ್ಗೆ ಇಲ್ಲೊಂದು ಗೊಂದಲವನ್ನು ಬಿಡಿಸಬೇಕು. ನೀರಿನ ಫ್ಲೋರೈಡೇ ಕಿಡ್ನಿ ಕೆಡಿಸಿತು ಎಂಬ ಮಾತು ಬಯಲುಸೀಮೆಯ ಹಳ್ಳಿಗಳಲ್ಲಿ ಸಾಮಾನ್ಯ. ಫ್ಲೋರೈಡಿನಿಂದ ಖಚಿತವಾಗಿ ಹಾಳಾಗುವುದು ಹಲ್ಲು ಮತ್ತು ಮೂಳೆ. ಮೈಯಿಂದ ಫ್ಲೋರೈಡನ್ನು ಹೊರಹಾಕುವುದು ಕಿಡ್ನಿಯೇ ಆದ್ದರಿಂದ ಕಿಡ್ನಿ ಕೆಟ್ಟವರಲ್ಲಿ ಅದು ಹೆಚ್ಚು ಉಳಿಯುತ್ತದೆ. ಹಾಗಾಗಿ ರೋಗಿಯ ರಕ್ತದಲ್ಲಿ ಕಂಡದ್ದನ್ನೇ ರೋಗದ ಕಾರಣವೆಂದು ಹೇಳಲಾಗದು. ಡಯಾಲಿಸಿಸ್ ನೀರಿನಲ್ಲಿ ಅದು ನುಸುಳಿದರೆ ಮಾತ್ರ ಅಪಾಯ ನೇರವಾದದ್ದು. 1993ರಲ್ಲಿ ಶಿಕಾಗೋದ ಒಂದು ಕೇಂದ್ರದಲ್ಲಿ ಶುದ್ಧೀಕರಣದ ಘಟಕ ಸೋತು ಫ್ಲೋರೈಡ್ ನೀರಿಗಿಳಿದು ಮೂವರು ರೋಗಿಗಳು ಸತ್ತರು.

ಡಯಾಲೈಸರನ್ನು ತೊಳೆದು ಅದೇ ರೋಗಿಗೆ ಮತ್ತೆಮತ್ತೆ ಬಳಸುವುದು ಭಾರತದಲ್ಲಿ ಬಹುಕಾಲ ನಡೆದುಬಂದ ಪದ್ಧತಿ. ಶಿಸ್ತಾಗಿ ಮಾಡಿದರೆ ಅದು ಅಪಾಯವಲ್ಲ: ಪ್ರತಿ ಸಲ ಒಳಗಿನ ಗಾತ್ರ ಅಳೆಯಬೇಕು, ಮೂಲದ ಶೇ. 80ಕ್ಕಿಂತ ಇಳಿದರೆ ಎಸೆಯಬೇಕು, ಕ್ರಿಮಿನಾಶಕದ ಉಳಿಕೆ ಪರೀಕ್ಷಿಸಬೇಕು, ಹೆಸರಿನ ಚೀಟಿ ತಪ್ಪಬಾರದು. ಕೈಗಳು ಕಡಿಮೆ ಇರುವ ಕಡೆ ಮೊದಲು ಬಿಟ್ಟುಹೋಗುವುದೂ ಈ ಹಂತಗಳೇ. ಹೆಪಟೈಟಿಸ್ ಸಿ ಹರಡುವ ಭಯ ಯಾವಾಗಲೂ ಇದರ ಜೊತೆಗಿತ್ತು. 2024ರಲ್ಲಿ ಕರ್ನಾಟಕ ಹೊಸ ಟೆಂಡರಿನ ಮೂಲಕ ಕೇಂದ್ರಗಳನ್ನು 168ರಿಂದ 219ಕ್ಕೆ ಏರಿಸಿ, ಸುಮಾರು 800 ಯಂತ್ರಗಳನ್ನು ಒದಗಿಸಿ, ಒಮ್ಮೆ ಬಳಸಿ ಎಸೆಯುವ ಡಯಾಲೈಸರುಗಳಿಗೆ ಬದಲಾಯಿಸುವ ಕ್ರಮ ಕೈಗೊಂಡಿತು. ದಿನೇಶ್ ಗುಂಡೂರಾವ್ ಆಗ ಆರೋಗ್ಯ ಸಚಿವರು. ಸುದ್ದಿಯ ತಲೆಬರಹವಾದದ್ದು ಯಂತ್ರಗಳ ಸಂಖ್ಯೆ; ರೋಗಿಯ ಮಟ್ಟಿಗೆ ಹೆಚ್ಚು ತೂಕದ ಬದಲಾವಣೆ ಡಯಾಲೈಸರಿನದು. ಎಸೆಯುವ ಪ್ಲಾಸ್ಟಿಕ್ಕಿನ ರಾಶಿ ಬೆಳೆಯುವುದು ಇದರ ಇನ್ನೊಂದು ಮುಖ.

ತಾಲ್ಲೂಕು ಕೇಂದ್ರಕ್ಕೆ ಸುಲಭವಾಗಿ ದಕ್ಕದ ಕೆಲಸ ಫಿಸ್ಟುಲಾ. ಅದನ್ನು ಶಸ್ತ್ರವೈದ್ಯರೇ ಮಾಡಬೇಕು, ಪಕ್ವವಾಗಲು ವಾರಗಟ್ಟಲೆ ಬೇಕು. ಮುಂಗೈ ಮೇಲೆ ಬೆರಳಿಟ್ಟರೆ ಸಣ್ಣಗೆ ಗುರುಗುಟ್ಟುವ ಮಿಡಿತ ಸಿಕ್ಕಿದರೆ ಅದು ಜೀವಂತವಾಗಿದೆ ಎಂದರ್ಥ. ರೋಗಿಗಳು ದಿನಾ ಬೆಳಿಗ್ಗೆ ಮುಟ್ಟಿ ನೋಡಿಕೊಳ್ಳಲು ಕಲಿಯುತ್ತಾರೆ. ಆ ಕೈಯಲ್ಲಿ ಬಿಪಿ ನೋಡಬಾರದು, ಭಾರದ ಮೂಟೆ ಎತ್ತಬಾರದು. ಕಾಯಿಲೆ ತಡವಾಗಿ ಗೊತ್ತಾದವರು ಫಿಸ್ಟುಲಾ ಇಲ್ಲದೆ ಕುತ್ತಿಗೆಗೆ ಕ್ಯಾತಿಟರ್ ಹಾಕಿಸಿಕೊಂಡೇ ಚಿಕಿತ್ಸೆ ಶುರುಮಾಡಬೇಕಾಗುತ್ತದೆ, ಸೋಂಕು ಹತ್ತುವುದು ಅಲ್ಲೇ. ಈ ಕೊರತೆಯನ್ನು ಜಿಲ್ಲೆಯೊಳಗೇ ತುಂಬುವ ಸಾಧ್ಯತೆ ತೆರೆದದ್ದು ಚಾಮರಾಜನಗರ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ. 2016ರಲ್ಲಿ ಶುರುವಾದ ಈ ಕಾಲೇಜಿಗೆ ಎಡಪುರದ ಬಳಿ ಕಟ್ಟಿದ 450 ಹಾಸಿಗೆಗಳ ಬೋಧನಾ ಆಸ್ಪತ್ರೆಯನ್ನು 2021ರ ಅಕ್ಟೋಬರ್ 7ರಂದು ರಾಷ್ಟ್ರಪತಿ ರಾಮನಾಥ್ ಕೋವಿಂದ್ ಉದ್ಘಾಟಿಸಿದರು.

ಕಾಯಿಲೆಯ ಮೂಲದಲ್ಲಿ ಉಳಿದ ಕಡೆಯಂತೆ ಶುಗರ್ ಮತ್ತು ಬಿಪಿಯದೇ ದೊಡ್ಡ ಪಾಲು. ಅಂಗಡಿಯಿಂದ ತಂದು ನುಂಗುವ ನೋವಿನ ಮಾತ್ರೆಗಳದು ಇನ್ನೊಂದು. ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟದ ಸೋಲಿಗ ಬುಡಕಟ್ಟಿನವರಲ್ಲಿ ಕುಡಗೋಲು ರಕ್ತಕಣ ರೋಗ ಇರುವುದು ಜಿಲ್ಲೆಯ ವಿಶೇಷ. ಅದು ವರ್ಷಗಳಲ್ಲಿ ಕಿಡ್ನಿಯನ್ನೂ ಸವೆಸುತ್ತದೆ. 1981ರಲ್ಲಿ ಡಾ. ಎಚ್. ಸುದರ್ಶನ್ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಬೆಟ್ಟದಲ್ಲಿ ವೈದ್ಯಕೀಯ ಸೇವೆ ನಡೆಸುತ್ತ ಬಂದಿದೆ. ಪಥ್ಯದಲ್ಲೂ ಸ್ಥಳದ ಗುರುತಿದೆ: ಸೀಮೆಗೆ ಹೆಸರಾದ ಬಾಳೆಹಣ್ಣು, ಬೇಸಗೆಯ ಎಳನೀರು, ಎರಡೂ ಪೊಟ್ಯಾಸಿಯಂ ತುಂಬಿದವಾದ್ದರಿಂದ ಡಯಾಲಿಸಿಸ್ ರೋಗಿಗೆ ನಿಷಿದ್ಧ.

ಯಂತ್ರದ ಹಂಗಿಲ್ಲದ ದಾರಿಗಳು ಎರಡು. ಹೊಟ್ಟೆಯ ಪೊರೆಯನ್ನೇ ಸೋಸುಕವಾಗಿ ಬಳಸಿ ಮನೆಯಲ್ಲೇ ಮಾಡಿಕೊಳ್ಳುವ ಪೆರಿಟೋನಿಯಲ್ ಡಯಾಲಿಸಿಸ್ ಭಾರತಕ್ಕೆ 1990ರ ದಶಕದ ಆರಂಭದಲ್ಲಿ ಬಂತು. ರಾಷ್ಟ್ರೀಯ ಕಾರ್ಯಕ್ರಮ ಅದಕ್ಕೆ ಮಾರ್ಗಸೂಚಿ ಹೊರಡಿಸಿದ್ದು 2019ರಲ್ಲಿ. ಕಾಡಂಚಿನ ಪೋಡುಗಳಿಗೆ, ಅಂದರೆ ಸೋಲಿಗರ ಹಾಡಿಗಳಿಗೆ, ಹೊಂದುವ ವಿಧಾನ ಇದೇ, ಆದರೂ ಮನೆಯಲ್ಲಿ ಚೊಕ್ಕಟವಾದ ಮೂಲೆಯೊಂದು, ದ್ರಾವಣದ ಚೀಲಗಳ ತಪ್ಪದ ಪೂರೈಕೆ, ಕೈ ತೊಳೆಯುವ ಶಿಸ್ತು ಇವಿಲ್ಲದೆ ಅದು ನಡೆಯದು. ಎರಡನೆಯ ದಾರಿ ಕಿಡ್ನಿ ಕಸಿ; ಅದನ್ನು ನಿಯಂತ್ರಿಸುವುದು 1994ರ ಅಂಗಾಂಗ ಕಸಿ ಕಾಯಿದೆ. ಮಿದುಳು ನಿಷ್ಕ್ರಿಯಗೊಂಡವರಿಂದ ಬರುವ ಕಿಡ್ನಿಗಳನ್ನು ರಾಜ್ಯದಲ್ಲಿ ಹಂಚುವುದು ‘ಜೀವಸಾರ್ಥಕತೆ’ ಎಂಬ ಸಂಸ್ಥೆ. ಚಾಮರಾಜನಗರದ ರೋಗಿ ಅದರ ಸರದಿ ಪಟ್ಟಿಗೆ ಸೇರಬೇಕಾದರೆ ಮೈಸೂರು ಅಥವಾ ಬೆಂಗಳೂರಿನ ಕಸಿ ಆಸ್ಪತ್ರೆಯೊಂದರ ಮೂಲಕ ಹೆಸರು ನೋಂದಾಯಿಸಿ, ಕರೆ ಬರುವವರೆಗೆ ತನ್ನ ತಾಲ್ಲೂಕಿನ ಕೇಂದ್ರದಲ್ಲಿ ಡಯಾಲಿಸಿಸ್ ಮುಂದುವರಿಸುತ್ತಾನೆ.