ಫರಸಿಯೂ ಅದರ ಸಂದೂ

ಕಲಬುರಗಿ ಜಿಲ್ಲೆಯಲ್ಲಿ ಶಹಾಬಾದ, ವಾಡಿ, ಚಿತ್ತಾಪುರ, ಸೇಡಂಗಳ ಸುತ್ತ ಹಬ್ಬಿರುವ ಎರೆಯ ಬಯಲು ಹಾದಿಹೋಕನ ಕಣ್ಣಿಗೆ ಕೇವಲ ಜೋಳ ತೊಗರಿಗಳ ಸೀಮೆಯಾಗಿ ತೋರುವುದು ಸಹಜವಾದರೂ, ಆ ಕರಿಮಣ್ಣಿನ ಹೊದಿಕೆಯನ್ನು ತೆಗೆದು ಅಗೆದವನಿಗೆ, ಬುಟ್ಟಿಯಲ್ಲಿ ಪೇರಿಸಿಟ್ಟ ರೊಟ್ಟಿಗಳಂತೆ ಪದರದ ಮೇಲೆ ಪದರವಾಗಿ ಮಲಗಿರುವ ಸುಣ್ಣಗಲ್ಲಿನ ದರ್ಶನವಾಗುತ್ತದೆ. ಭೂವಿಜ್ಞಾನಿಗಳು ಭೀಮಾ ಸಮೂಹವೆಂದು ಕರೆಯುವ ಈ ಶಿಲಾಸ್ತರಗಳು, ಕೋಟ್ಯಂತರ ವರ್ಷಗಳ ಹಿಂದೆ ಕಡಲ ತಳದಲ್ಲಿ ಸಮತಲವಾಗಿ ಶೇಖರಗೊಂಡು ಗಟ್ಟಿಯಾದವುಗಳಾದುದರಿಂದ, ಇಂದಿಗೂ ಹಲಗೆ ಹಲಗೆಯಾಗಿ ಬಿಡಿಸಿಕೊಳ್ಳುತ್ತವೆ. ಸ್ಥಳೀಕರಿಗೆ ಇದು ಫರಸಿ. ದೂರದ ಪೇಟೆಗಳಲ್ಲಿ ಶಹಾಬಾದಿ ಕಲ್ಲು.

ಈ ಶಿಲೆಯ ಕೀರ್ತಿ ಪುರಾತನವಾದುದು. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಬಳಿ, ಕನಗನಹಳ್ಳಿಯ ಬೌದ್ಧ ಸ್ತೂಪಕ್ಕೆ ಹೊದಿಸಿದ್ದ ಶಿಲ್ಪಫಲಕಗಳು ಸುಣ್ಣಗಲ್ಲಿನವೇ. ಅವುಗಳಲ್ಲೊಂದರ ಮೇಲೆ ಅಶೋಕನ ರೂಪವೂ ಬ್ರಾಹ್ಮೀ ಲಿಪಿಯಲ್ಲಿ ಅವನ ಹೆಸರೂ ಕೊರೆಯಲ್ಪಟ್ಟಿವೆ. ರಾಷ್ಟ್ರಕೂಟರ ಮಾನ್ಯಖೇಟವು ಇಂದು ಸೇಡಂ ತಾಲ್ಲೂಕಿನ ಮಳಖೇಡವಾಗಿ ಕಾಗಿಣಾ ನದಿಯ ದಂಡೆಯಲ್ಲಿ ಉಳಿದಿದ್ದು, ಅಲ್ಲಿಯ ಕೋಟೆಯ ಗೋಡೆಗಳಲ್ಲಿಯೂ ಇದೇ ನೆಲದ ಕಲ್ಲು ಕಾಣುತ್ತದೆ. ಆದರೆ ಅರಸರ ಗೋಡೆಗಿಂತ ಜನಸಾಮಾನ್ಯರ ಅಂಗಳದಲ್ಲಿಯೇ ಈ ಕಲ್ಲಿನ ನಿಜವಾದ ಚರಿತ್ರೆ ಅಡಗಿದೆಯೆಂಬುದು ನನ್ನ ಅಭಿಪ್ರಾಯ.

ಖಣಿಯ ಕೆಲಸದಲ್ಲಿ ಬಲಕ್ಕಿಂತ ಜಾಣ್ಮೆಗೆ ಪ್ರಾಧಾನ್ಯ. ಕಲ್ಲುಕುಟಿಗನು ಮೇಲಿನ ಮಣ್ಣನ್ನು ಸರಿಸಿ, ಬಯಲಾದ ಬಂಡೆಯ ಮೇಲೆ ದಾರದಿಂದ ಗೆರೆ ಹಿಡಿದು, ಆ ಗೆರೆಯುದ್ದಕ್ಕೂ ಉಳಿಯಿಂದ ಸಣ್ಣ ಕಾಲುವೆ ಕಡಿಯುತ್ತಾನೆ. ಅನಂತರ ಪದರಗಳು ಕೂಡುವ ಅಂಚಿನಲ್ಲಿ ಹಾರೆಯ ಚಪ್ಪಟೆ ಮೊನೆಯನ್ನು ತೂರಿಸಿ, ಒಂದೇ ಕಡೆ ಜಗ್ಗದೆ, ಅಲ್ಲಿಷ್ಟು ಇಲ್ಲಿಷ್ಟು ಮೀಟುತ್ತ ಹೋದಂತೆ, ಹಲಗೆಯು ಒಡೆಯದೆ ಮೇಲೇಳುತ್ತದೆ. ಸುತ್ತಿಗೆಯಿಂದ ಮೆಲ್ಲನೆ ತಟ್ಟಿದಾಗ ಖಣಖಣಿಸಿದರೆ ಅದು ಒಳ್ಳೆಯ ಕಲ್ಲು. ಮಂದವಾದ ಸದ್ದು ಬಂದರೆ ಒಳಗೆಲ್ಲೋ ಬಿರುಕಿದೆಯೆಂದು ತಿಳಿದು ಬದಿಗೆ ತಳ್ಳುತ್ತಾರೆ. ಹೀಗೆ ತಳ್ಳಲ್ಪಟ್ಟ ಚೂರುಗಳೂ ಚಕ್ಕೆಗಳೂ ಖಣಿಯ ಬಾಯಲ್ಲಿ ಗುಡ್ಡೆಗಳಾಗಿ ಬೆಳೆಯುತ್ತವೆ.

ಮನೆಯೊಳಗೆ ಫರಸಿಯನ್ನು ಗಾರೆಯಲ್ಲಿ ಕೂಡಿಸುವುದು ಸರಿಯೇ. ಹಿತ್ತಿಲಿನ ರೀತಿಯೇ ಬೇರೆ. ಎರೆಮಣ್ಣು ಮಳೆಗಾಲದಲ್ಲಿ ನೀರುಂಡು ಉಬ್ಬಿ, ಬೇಸಗೆಯಲ್ಲಿ ಕೈ ತೂರುವಷ್ಟು ಅಗಲವಾಗಿ ಬಿರಿಯುವ ಸ್ವಭಾವದ್ದಾದುದರಿಂದ, ಅದರ ಮೇಲೆ ನೇರವಾಗಿ ಹಾಸಿದ ಕಲ್ಲು ವರ್ಷ ತಿರುಗುವುದರೊಳಗೆ ಓರೆಯಾಗಿ ನಿಲ್ಲುತ್ತದೆ. ಆದಕಾರಣ ಮೊದಲು ಮಣ್ಣನ್ನು ತೆಗೆದು, ಮುರುಮನ್ನು ತುಂಬಿ ದಮ್ಮಸು ಮಾಡಿ, ಅದರ ಮೇಲೆ ಮರಳಿನ ತೆಳುಹಾಸನ್ನು ಹರಡಿ, ಕಲ್ಲುಗಳನ್ನು ಸಂದು ಬಿಟ್ಟು ಜೋಡಿಸಬೇಕಾಗುತ್ತದೆ. ಈ ಮುರುಮು, ಅಂದರೆ ಕೆಮ್ಮಣ್ಣಿನ ಗರಸು, ಚಿಂಚೋಳಿಯ ಕಡೆಯ ಜಂಬಿಟ್ಟಿಗೆಯ ದಿಬ್ಬಗಳಲ್ಲಿ ಹೇರಳವಾಗಿದೆ. ಫರಸಿಯು ತಾನಾಗಿ ನೀರನ್ನು ಹೀರುವುದು ಅತ್ಯಲ್ಪ. ಮಳೆಯ ನೀರನ್ನು ನೆಲಕ್ಕೆ ಇಳಿಸುವುದು ಆ ಸಂದು.

1871ರಲ್ಲಿ ಮುಂಬಯಿಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲುಮಾರ್ಗವು ಶಹಾಬಾದ, ವಾಡಿಗಳನ್ನು ದಾಟಿ ರಾಯಚೂರನ್ನು ಮುಟ್ಟಿತು. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂಗಳ ಮೂಲಕ ಸಿಕಂದರಾಬಾದಿಗೆ ನಿಜಾಮರ ರೈಲು ಹೊರಟಿತು. ಎತ್ತಿನ ಬಂಡಿಯ ದೂರಕ್ಕೆ ಸೀಮಿತವಾಗಿದ್ದ ವ್ಯಾಪಾರ ಈಗ ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಚಾಚಿ, ನಿಲ್ದಾಣದ ಕಟ್ಟೆ, ಚಾಳುಗಳ ಪಡಸಾಲೆ, ಅಡುಗೆಮನೆಯ ಕಟ್ಟೆ, ಬೀದಿಯ ಕಾಲುದಾರಿ ಎಲ್ಲವೂ ಫರಸಿಮಯವಾದುವು.

ವಿಪರ್ಯಾಸವೆಂದರೆ, ಹಾಸುಗಲ್ಲಿನ ಹಳೆಯ ವಿಧಾನಕ್ಕೆ ಎದುರಾಳಿಯೂ ಇದೇ ಶಿಲೆಯ ಹೊಟ್ಟೆಯಲ್ಲಿ ಹುಟ್ಟಿತು. ಶಹಾಬಾದದ ಸುಣ್ಣಗಲ್ಲನ್ನು ಪುಡಿಮಾಡಿ ಸುಟ್ಟು ಸಿಮೆಂಟನ್ನು ತಯಾರಿಸುವ ಕಾರ್ಖಾನೆ 1920ರ ದಶಕದಲ್ಲಿಯೇ ತಲೆಯೆತ್ತಿ, 1936ರಲ್ಲಿ ಹಲವು ಕಂಪನಿಗಳು ಕೂಡಿ ಎಸಿಸಿ ಸಂಸ್ಥೆಯಾದಾಗ ಅದರಲ್ಲಿ ಲೀನವಾಯಿತು. 1968ರಲ್ಲಿ ವಾಡಿಯಲ್ಲಿ, ಎಂಬತ್ತರ ದಶಕದಲ್ಲಿ ಸೇಡಂನಲ್ಲಿ ಮತ್ತಷ್ಟು ಚಿಮಣಿಗಳು ಎದ್ದುವು. ಸಿಮೆಂಟು ಸುಲಭವಾಗಿ ಕೈಗೆಟುಕಿದೊಡನೆ ಜನರು ಅಂಗಳದ ಸಂದುಗಳಿಗೂ ಅದನ್ನೇ ಬಳಿದು, ನೆಲವನ್ನು ಅಖಂಡವೂ ಅಭೇದ್ಯವೂ ಆಗಿಸಿ, ಅದನ್ನೇ ಪ್ರಗತಿಯೆಂದು ಭಾವಿಸಿದರು. ಸೋದರಶಿಲೆಯೇ ಸೋದರಶಿಲೆಯ ಬಾಯಿ ಮುಚ್ಚಿದಂತಾಗಿ, ಬೇವಿನ ಮರದ ಬುಡಕ್ಕೆ ಇಳಿಯಬೇಕಾದ ನೀರು ಗಟಾರಕ್ಕೆ ಹರಿಯಿತು.

ಇಂದು ಕೈತೋಟವನ್ನು ಸಜ್ಜುಗೊಳಿಸಲು ಇಚ್ಛಿಸುವವರು ದೂರದ ಹೊಳಪುಗಲ್ಲುಗಳನ್ನು ಅರಸಿ ಹೋಗುವ ಮುನ್ನ ಈ ಪೂರ್ವವೃತ್ತವನ್ನು ನೆನೆಯುವುದು ಯುಕ್ತ. ನಡೆದಾಡುವ ದಾರಿಗೆ ನುಣುಪು ಮಾಡದ ಒರಟು ಫರಸಿಯೇ ಉತ್ತಮ, ಏಕೆಂದರೆ ಮಳೆಯಲ್ಲಿ ಅದು ಕಾಲು ಜಾರಿಸುವುದಿಲ್ಲ. ಖಣಿಯ ಗುಡ್ಡೆಯಲ್ಲಿ ಅನಾದರಕ್ಕೆ ಒಳಗಾದ ನೀಲಿ ಬೂದು ಚಕ್ಕೆಗಳನ್ನು ಸಂದುಗಳಿಗೂ ದಾರಿಯ ಅಂಚಿಗೂ ಹರಡಿದರೆ ಅಂದವೂ ಆಗುವುದು, ನೀರೂ ಇಂಗುವುದು. ಆದರೆ ಗಿಡದ ಬುಡಕ್ಕೆ ಇದು ತಕ್ಕುದಲ್ಲ: ಮೊದಲೇ ಕ್ಷಾರಯುಕ್ತವಾದ ಎರೆಯ ಮೇಲೆ ಸುಣ್ಣಗಲ್ಲಿನ ಚೂರನ್ನು ಸುರಿದರೆ ಕಬ್ಬಿಣದ ಅಂಶ ಬೇರಿಗೆ ದುರ್ಲಭವಾಗಿ, ಮಲ್ಲಿಗೆಯಂಥ ಸಸ್ಯಗಳ ಎಲೆ ಹಳದಿಗೆ ತಿರುಗುತ್ತದೆ. ಅಲ್ಲಿಗೆ ಬೇವಿನ ತರಗೆಲೆ, ತೊಗರಿಯ ಹೊಟ್ಟು, ಜೋಳದ ಸಿಪ್ಪೆಗಳ ಮುಚ್ಚಿಗೆಯೇ ಸಾಕು. ಅದು ಬಿಸಿಲಿನಿಂದ ತೇವವನ್ನು ಕಾಪಾಡಿ ಕೊನೆಗೆ ಗೊಬ್ಬರವಾಗುತ್ತದೆ. ಫರಸಿ ಕೊಳ್ಳಲು ಹೋದವನು ಬಣ್ಣ, ದಪ್ಪ, ಬೆಲೆಗಳ ಚೌಕಾಸಿ ಮಾಡುವ ಮೊದಲು, ಎರಡು ಕಲ್ಲುಗಳ ನಡುವೆ ಎಷ್ಟು ಬೆರಳಗಲ ಬಿಡಬೇಕೆಂದು ಖಣಿಯ ಹಿರಿಯನನ್ನು ಕೇಳಿದರೆ, ತನ್ನ ತೋಟಕ್ಕೆ ಅದರಿಂದಲೇ ಹೆಚ್ಚು ಪ್ರಯೋಜನ.