ಹೈಫಾದಲ್ಲಿ ಮಡಿದ ಮೈಸೂರು ಸವಾರರು: ನಿಮ್ಮ ಮನೆತನದ ಸೈನಿಕನ ಹೆಸರು ಹುಡುಕೋದು ಹೇಗೆ?

ಮಂಡ್ಯ: ಪ್ರತಿ ವರ್ಷ ಸೆಪ್ಟೆಂಬರ್ 23ರಂದು ಭಾರತೀಯ ಸೇನೆ ‘ಹೈಫಾ ದಿನ’ ಆಚರಿಸುತ್ತದೆ. 1918ರಲ್ಲಿ ಅದೇ ದಿನ ಮೈಸೂರು ಮತ್ತು ಜೋಧಪುರ ಸಂಸ್ಥಾನಗಳ ಕುದುರೆ ಪಡೆಗಳು ಇವತ್ತಿನ ಇಸ್ರೇಲ್‌ನಲ್ಲಿರುವ ಹೈಫಾ ಬಂದರನ್ನು ಗೆದ್ದುಕೊಂಡವು. ‘ನಮ್ಮ ಮುತ್ತಾತ ಮಹಾರಾಜರ ಕಾಲದಲ್ಲಿ ಯುದ್ಧಕ್ಕೆ ಹೋಗಿ ವಾಪಸ್ ಬರಲೇ ಇಲ್ಲವಂತೆ’ ಅನ್ನೋ ಮಾತು ನಿಮ್ಮ ಮನೆಯಲ್ಲೂ ಇದ್ದರೆ ಈ ಮಾಹಿತಿ ನಿಮಗಾಗಿ.

ಹೋಗಿದ್ದು ಯಾಕೆ, ಎಲ್ಲಿಗೆ?

ಕನ್ನಂಬಾಡಿ ಕಟ್ಟೆ ಕಟ್ಟುತ್ತಿದ್ದ ಕಾಲ ಅದು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ನಾಲ್ವಡಿ ಕೃಷ್ಣರಾಜ ಒಡೆಯರ್ ಬ್ರಿಟಿಷ್ ಸರ್ಕಾರಕ್ಕೆ 50 ಲಕ್ಷ ರೂಪಾಯಿ ಕೊಟ್ಟರು. ಜೊತೆಗೆ ಸಂಸ್ಥಾನದ ಕುದುರೆ ಪಡೆ ‘ಮೈಸೂರು ಲ್ಯಾನ್ಸರ್ಸ್’ ಹಡಗು ಹತ್ತಿತು. ಹಿಂದೂ, ಮುಸ್ಲಿಂ ಇಬ್ಬರೂ ಇದ್ದ ಪಡೆ. ಮೊದಲು ಈಜಿಪ್ಟ್‌ನ ಸೂಯೆಜ್ ಕಾಲುವೆ ಕಾವಲು, ಆಮೇಲೆ ಪ್ಯಾಲೆಸ್ಟೀನ್, ಕೊನೆಗೆ ಸಿರಿಯಾ. ಹೀಗೆ ನಾಲ್ಕು ವರ್ಷ ಕಳೆಯಿತು.

ಹೈಫಾದಲ್ಲಿ ಆಗಿದ್ದೇನು?

ಊರ ಒಂದು ಕಡೆ ಕಾರ್ಮೆಲ್ ಬೆಟ್ಟ, ಇನ್ನೊಂದು ಕಡೆ ಕಿಶೋನ್ ಹೊಳೆಯ ಜೌಗು. ಬೆಟ್ಟದ ಮೇಲೆ ಶತ್ರುಗಳ ಫಿರಂಗಿ, ಕೆಳಗೆ ಮಷಿನ್ ಗನ್. ನಮ್ಮವರ ಕೈಯಲ್ಲಿ ಭರ್ಜಿ, ಕತ್ತಿ, ಬಂದೂಕು. ಮೈಸೂರಿನ ಒಂದು ತುಕಡಿ ಫಿರಂಗಿ ಹಿಡಿಯೋಕೆ ಬೆಟ್ಟ ಹತ್ತಿತು. ಜೋಧಪುರದವರು ಕೆಳಗಿನಿಂದ ನುಗ್ಗಿದರು, ಮೈಸೂರಿನ ಉಳಿದವರು ಗುಂಡು ಹಾರಿಸಿ ಅವರಿಗೆ ದಾರಿ ಮಾಡಿಕೊಟ್ಟು ಹಿಂದೆಯೇ ಊರೊಳಗೆ ನುಗ್ಗಿದರು. ಸಂಜೆಯೊಳಗೆ ಹೈಫಾ ಕೈಗೆ ಬಂತು. 1,350 ಜನ ಸೆರೆ ಸಿಕ್ಕರು, 17 ಫಿರಂಗಿ ಮತ್ತು 11 ಮಷಿನ್ ಗನ್ ವಶವಾದವು. ಎರಡೂ ಪಡೆ ಸೇರಿ 8 ಮಂದಿ ಸತ್ತರು, 34 ಮಂದಿಗೆ ಗಾಯ. 60 ಕುದುರೆಗಳು ಸತ್ತವು.

ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದಿದ್ದು ಅಕ್ಟೋಬರ್ 26ರಂದು, ಸಿರಿಯಾದ ಅಲೆಪ್ಪೊ ಹತ್ತಿರದ ಹರಿತಾನ್‌ನಲ್ಲಿ. ಅಲ್ಲಿ ಇದೇ ಎರಡು ಪಡೆಗಳ 21 ಮಂದಿ ಸತ್ತರು. ನಾಲ್ಕೇ ದಿನಕ್ಕೆ, ಅಕ್ಟೋಬರ್ 30ಕ್ಕೆ, ತುರ್ಕಿಯ ಜೊತೆ ಕದನವಿರಾಮಕ್ಕೆ ಸಹಿ ಬಿತ್ತು. ಇನ್ನೊಂದು ವಾರ ತಳ್ಳಿದ್ದರೆ ಅವರೂ ಊರಿಗೆ ಬರುತ್ತಿದ್ದರು.

ಸಮಾಧಿ ಯಾಕೆ ಸಿಗಲ್ಲ?

ಹಿಂದೂ ಸೈನಿಕರ ದೇಹಗಳನ್ನು ಆದಷ್ಟೂ ಅಲ್ಲೇ ಸುಡುತ್ತಿದ್ದರು. ಹಾಗಾಗಿ ಎಷ್ಟೋ ಜನಕ್ಕೆ ಕಲ್ಲಿಲ್ಲ, ಗೋಡೆಯ ಮೇಲೆ ಹೆಸರು ಮಾತ್ರ. ಈಜಿಪ್ಟ್ ಮತ್ತು ಪ್ಯಾಲೆಸ್ಟೀನ್‌ನಲ್ಲಿ ಸತ್ತ ಸುಮಾರು 4,000 ಭಾರತೀಯರ ಸ್ಮಾರಕ 1926ರಲ್ಲಿ ಸೂಯೆಜ್ ಬಳಿಯ ಪೋರ್ಟ್ ತೌಫಿಕ್‌ನಲ್ಲಿ ಆಯಿತು. ಮುಂದೆ ಈಜಿಪ್ಟ್-ಇಸ್ರೇಲ್ ಯುದ್ಧದಲ್ಲಿ ಅದೂ ನಾಶವಾಯಿತು. 1980ರಲ್ಲಿ ಆ ಹೆಸರುಗಳನ್ನು ಕೈರೋದ ಹೆಲಿಯೊಪೊಲಿಸ್ ಸ್ಮಶಾನಕ್ಕೆ ತಂದು ಕೆತ್ತಿಸಿದರು. ಹೈಫಾದಲ್ಲೂ ಒಂದು ಭಾರತೀಯ ಸ್ಮಶಾನ ಇದೆ.

ದೆಹಲಿಯ ತೀನ್ ಮೂರ್ತಿ ಚೌಕದ ಮೂರು ಪ್ರತಿಮೆಗಳಲ್ಲಿ ಒಂದು ನಮ್ಮ ಮೈಸೂರಿನ ಸವಾರನದ್ದು. ಉಳಿದೆರಡು ಜೋಧಪುರ ಮತ್ತು ಹೈದರಾಬಾದ್‌ನವು. 2018ರಲ್ಲಿ ಆ ಚೌಕಕ್ಕೆ ತೀನ್ ಮೂರ್ತಿ ಹೈಫಾ ಚೌಕ ಅಂತ ಹೆಸರಿಟ್ಟರು. ಬೆಂಗಳೂರಿನ ಜಯಚಾಮರಾಜೇಂದ್ರ ನಗರದ ಹತ್ತಿರವೂ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ.

ಹುಡುಕೋದು ಹೀಗೆ

• ‘ಮಂಡ್ಯ ಜಿಲ್ಲೆ’ ಅಂತ ಹುಡುಕಬೇಡಿ. ನಮ್ಮ ಜಿಲ್ಲೆ ಆಗಿದ್ದು 1939ರ ಜುಲೈ 1ಕ್ಕೆ. ಅದಕ್ಕೂ ಮೊದಲಿನ ದಾಖಲೆಯಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿ ಎಲ್ಲವೂ ಮೈಸೂರು ಜಿಲ್ಲೆಯೇ. ಪಾಂಡವಪುರ ‘ಫ್ರೆಂಚ್ ರಾಕ್ಸ್’, ಶ್ರೀರಂಗಪಟ್ಟಣ ‘ಸೆರಿಂಗಪಟಂ’ ಅಂತ ಇರಬಹುದು.

• ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ವೆಬ್‌ಸೈಟಿನಲ್ಲಿ ಎರಡೂ ಮಹಾಯುದ್ಧಗಳಲ್ಲಿ ಸತ್ತವರ ಪಟ್ಟಿ ಉಚಿತವಾಗಿ ಸಿಗುತ್ತದೆ. ಪಡೆಯ ಹೆಸರು ಹಾಕಿ ಹುಡುಕಿ. ಕೆಲವರ ವಿವರದಲ್ಲಿ ತಂದೆಯ ಹೆಸರು, ಊರು ಕೂಡ ಇರುತ್ತೆ.

• ಹೆಸರನ್ನು ನಾಲ್ಕೈದು ರೀತಿ ಬರೆದು ನೋಡಿ. ಗುಮಾಸ್ತರು ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆದುಕೊಂಡಿದ್ದಾರೆ.

• ಮನೆತನದ ಹೆಸರು ಗಮನಿಸಿ. ಸವಾರ, ದಫೇದಾರ, ಜಮಾದಾರ, ರಿಸಾಲ್ದಾರ ಇವು ಕುದುರೆ ಪಡೆಯ ದರ್ಜೆಗಳು. ಆದರೆ ಡೀಸಿ ಆಫೀಸಿನ ದಫೇದಾರ್ ಬೇರೆ, ಪಡೆಯ ದಫೇದಾರ್ ಬೇರೆ, ಗೊಂದಲ ಬೇಡ.

• ಎರಡನೇ ಮಹಾಯುದ್ಧಕ್ಕೆ ಹೋದವರಾದರೆ ಸಿಂಗಪುರದ ಕ್ರಾಂಜಿ ಸ್ಮಾರಕ ನೋಡಿ. ಮೈಸೂರು ಇನ್‌ಫೆಂಟ್ರಿಯ ಒಂದನೇ ಬೆಟಾಲಿಯನ್ ಅಲ್ಲಿತ್ತು. 1942ರ ಫೆಬ್ರವರಿ 15ರಂದು ಸಿಂಗಪುರ ಜಪಾನಿನ ವಶವಾಯಿತು.

• 1987-90ರಲ್ಲಿ ಶ್ರೀಲಂಕಾದಲ್ಲಿ ಮಡಿದವರ ಹೆಸರು ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿದೆ.

• ಹಳೇ ಟ್ರಂಕು, ದೇವರ ಮನೆ ಗೂಡು ಒಮ್ಮೆ ನೋಡಿ. ಪದಕದ ಅಂಚಿನಲ್ಲಿ ಸೈನಿಕನ ನಂಬರು, ಹೆಸರು, ಪಡೆ ಕೆತ್ತಿರುತ್ತಾರೆ. ಹುಣಸೆಹಣ್ಣು ಹಾಕಿ ಉಜ್ಜಬೇಡಿ, ಅಕ್ಷರ ಸವೆಯುತ್ತೆ. ಗುಜರಿಗಂತೂ ಹಾಕಲೇಬೇಡಿ.

ಕಲ್ಲು ನಿಲ್ಲಿಸೋದು ನಮಗೆ ಹೊಸದಲ್ಲ

ಮದ್ದೂರು ತಾಲೂಕಿನ ಆತಕೂರಿನಲ್ಲಿ ಕ್ರಿ.ಶ. 949-50ರ ಕಲ್ಲೊಂದಿತ್ತು. ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ. ತಮಿಳುನಾಡಿನ ತಕ್ಕೋಲದಲ್ಲಿ ಚೋಳರ ಮೇಲೆ ಹೋರಾಡಿದ ಮಣಲೇರನ ಹೆಸರು ಅದರಲ್ಲಿದೆ. ಹಂದಿಯ ಜೊತೆ ಕಾದಾಡಿ ಸತ್ತ ಅವನ ನಾಯಿ ‘ಕಾಳಿ’ಯ ಹೆಸರೂ ಇದೆ. ಸಾವಿರ ವರ್ಷದ ಹಿಂದೆ ನಾಯಿಯ ಹೆಸರನ್ನೂ ಮರೆಯದ ನಾಡು ಇದು. ನೂರು ವರ್ಷದ ಹಿಂದೆ ಹಡಗು ಹತ್ತಿ ಹೋದವನ ಹೆಸರು ಮಾತ್ರ ಎಷ್ಟೋ ಮನೆಗಳಲ್ಲಿ ‘ಯುದ್ಧಕ್ಕೆ ಹೋದೋರು’ ಅನ್ನೋ ಮಾತಿನಲ್ಲೇ ಕರಗಿ ಹೋಗಿದೆ.

ಅವರ ಕಥೆಯನ್ನು ಮಕ್ಕಳ ಬಾಯಿಂದ ಕೇಳಿದವರು ಈಗ ಎಂಬತ್ತು ದಾಟಿದ ಅಜ್ಜ-ಅಜ್ಜಿಯರು. ಈ ಹಬ್ಬಕ್ಕೆ ಊರಿಗೆ ಹೋದಾಗ ಅವರ ಹತ್ತಿರ ಕೂತು ಕೇಳಿ: ಹೆಸರೇನು, ತಂದೆ ಯಾರು, ಯಾವ ಪಡೆ, ಕಾಗದ ಬಂದಿತ್ತಾ? ಕೇಳಿದ್ದನ್ನು ಒಂದು ಹಾಳೆಯಲ್ಲಿ ಬರೆದಿಡಿ. ಹೆಸರು ಒಂದು ಸಿಕ್ಕಿದರೆ ಉಳಿದದ್ದು ಹುಡುಕಬಹುದು.