ನರ್ಸಮ್ಮನ ಷರಾ ಕಾಲಂ

ರೋಗಿಗಳ ವಿವರ ತುಂಬುವ ಫಾರಂಗೂ ಒಂದು ಚರಿತ್ರೆಯಿದೆ, ಅದರಲ್ಲಿ ಒಂದು ಒಳ್ಳೆಯ ಅಧ್ಯಾಯ ನಮ್ಮ ರಾಮನಗರದಲ್ಲೇ ನಡೆದಿದೆ ಎಂದರೆ ಕುದೂರಿನಲ್ಲಿ ಯಾರೂ ಕಿವಿಗೊಡುವುದಿಲ್ಲ. ರಾಮನಗರ ಅಂದರೆ ರೇಷ್ಮೆಗೂಡಿನ ಮಾರುಕಟ್ಟೆ, ಇಲ್ಲವೇ ಶೋಲೆ ತೆಗೆದ ಬೆಟ್ಟ. ನನಗಾದರೋ ಆಸ್ಪತ್ರೆಗಳಿಗೆ ಕಂಪ್ಯೂಟರಿನಲ್ಲಿ ಫಾರಂ ಕಟ್ಟಿಕೊಡುವುದೇ ಹೊಟ್ಟೆಪಾಡು. ಜೊತೆಗೆ ಅಮ್ಮ ಕುದೂರು ಹೋಬಳಿಯ ಹಳ್ಳಿಗಳಲ್ಲಿ ನರ್ಸಮ್ಮ ಆಗಿದ್ದವಳು. ಹಾಗಾಗಿ ಯಾವ ರಿಜಿಸ್ಟರ್ ಕಂಡರೂ ಮೊದಲು ಅದರ ಕಾಲಂಗಳನ್ನು ಓದುವ ಚಟ ಅಂಟಿಕೊಂಡಿದೆ.

ಮೊದಲಿಗೆ ಪಟೇಲರ ಕಾಲ. ಮೈಸೂರು ಸಂಸ್ಥಾನದ ಹಳ್ಳಿಗಳಲ್ಲಿ ಹುಟ್ಟು ಸಾವು ಬರೆದಿಡುವ ಹೊಣೆ ಪಟೇಲರದು. ಸಾವಿಗೆ ಅವರು ಕೊಡಬಹುದಾಗಿದ್ದ ಕಾರಣಗಳು ಬೆರಳೆಣಿಕೆಯಷ್ಟು: ಕಾಲರಾ, ಸಿಡುಬು, ಪ್ಲೇಗು, ಭೇದಿ, ಜ್ವರ. ಮಲೇರಿಯಾ, ಟೈಫಾಯ್ಡ್, ಬಾಣಂತಿ ಸನ್ನಿ, ಎಲ್ಲವೂ ‘ಜ್ವರ’ದೊಳಗೇ ಹೋದವು. ಪಟೇಲರನ್ನು ಬೈದು ಪ್ರಯೋಜನವಿಲ್ಲ. ಖಾನೆ ಗೀಚಿದವರು ಅವರಲ್ಲ, ತುಂಬಿದವರು ಮಾತ್ರ.

1920ರ ದಶಕದ ಕೊನೆಗೆ ಅಮೆರಿಕದ ರಾಕ್‌ಫೆಲರ್ ಫೌಂಡೇಶನ್ ಮೈಸೂರು ಸರ್ಕಾರದ ಜೊತೆ ಸೇರಿ ಆರೋಗ್ಯದ ಕೆಲಸಕ್ಕೆ ಕೈಹಾಕಿತು. ಮೊದಲು ಮಂಡ್ಯದಲ್ಲಿ, 1930ರ ದಶಕದಲ್ಲಿ ರಾಮನಗರದಲ್ಲಿ ಆರೋಗ್ಯ ಘಟಕ ಶುರುವಾಯಿತು. ಆಗಿನ್ನೂ ಊರಿಗೆ ಕ್ಲೋಸ್‌ಪೇಟೆ ಎಂಬ ಹೆಸರು. ರೋಗಿ ಬರಲಿ ಎಂದು ಕಾಯದೆ ಮನೆಮನೆಗೆ ಹೋಗುವ ಪದ್ಧತಿ ಅದು. ಮನೆಗೆ ಹೋದ ಮೇಲೆ ಬರೆಯಲೇಬೇಕಲ್ಲ! ಬಸುರಿ ಯಾರು, ಹುಳುಬಾಧೆ ಯಾರಿಗೆ, ಸಿಡುಬಿನ ದೇವಿ ಹಾಕಿಸಿದ್ದೀರಾ. ಒಂದು ಊರಿನ ಆರೋಗ್ಯ ಕಾಗದದ ಮೇಲೆ ಸಾಲುಸಾಲಾಗಿ ಕೂರತೊಡಗಿದ್ದು ಆಗ.

ನನಗೆ ಇದಕ್ಕಿಂತ ಸ್ವಾರಸ್ಯ ಕಂಡದ್ದು 1952ರಲ್ಲಿ ಅಲ್ಲೇ ಶುರುವಾದ ಇನ್ನೊಂದು ಪ್ರಯೋಗ. ಆಗ ಕೇಂದ್ರದ ಆರೋಗ್ಯ ಮಂತ್ರಿ ರಾಜಕುಮಾರಿ ಅಮೃತ್ ಕೌರ್. ವಿಶ್ವ ಆರೋಗ್ಯ ಸಂಸ್ಥೆ ಕಳಿಸಿದ ಅಮೆರಿಕದ ವೈದ್ಯ ಅಬ್ರಹಾಂ ಸ್ಟೋನ್ ಅವರ ಸಲಹೆಯ ಮೇಲೆ, ತಿಂಗಳ ದಿನ ಲೆಕ್ಕ ಹಾಕಿ ಬಸಿರು ತಡೆಯುವ ವಿಧಾನವನ್ನು ಎರಡು ಕಡೆ ಪರೀಕ್ಷಿಸಿದರು: ಒಂದು ದೆಹಲಿಯ ಲೋಧಿ ಕಾಲೊನಿ, ಇನ್ನೊಂದು ನಮ್ಮ ರಾಮನಗರ. ದಿನ ಗುರುತು ಹಾಕಿಕೊಳ್ಳಲು ಓದುಬರಹ ಬೇಕು. ಓದು ಬಾರದ ಹೆಂಗಸರಿಗೆಂದು ಸ್ಟೋನ್ ಮಣಿಸರ ಮಾಡಿಸಿದರು. ಮುಟ್ಟಿನ ದಿನಗಳಿಗೆ ಕಿತ್ತಳೆ ಮಣಿ, ಭಯವಿಲ್ಲದ ದಿನಗಳಿಗೆ ಹಸಿರು, ಬಸಿರು ನಿಲ್ಲುವ ದಿನಗಳಿಗೆ ಕೆಂಪು. ದಿನಕ್ಕೊಂದು ಮಣಿ ಆಚೆ ತಳ್ಳಬೇಕು. ಕತ್ತಲಲ್ಲಿ ಬಣ್ಣ ಕಾಣುವುದಿಲ್ಲ ಎಂಬ ದೂರು ಬಂದದ್ದಕ್ಕೆ ಮಣಿಗಳ ಆಕಾರವನ್ನೇ ಬೇರೆ ಬೇರೆ ಮಾಡಿದರು. ಮಣಿ ಹಿಂದಕ್ಕೆ ಜಾರದ ಹಾಗೆ ಒಂದು ಕೊಂಡಿಯನ್ನೂ ಇಟ್ಟರು.

ವಿಧಾನ ಹಿಡಿಯಲಿಲ್ಲ. ಕೆಲವೇ ವರ್ಷಗಳಲ್ಲಿ ಸರ್ಕಾರ ಬೇರೆ ದಾರಿ ಹಿಡಿಯಿತು. ಚರಿತ್ರೆ ಬರೆಯುವವರು ಅದನ್ನು ನಗೆಪಾಟಲಾದ ಪ್ರಸಂಗವೆಂದು ದಾಟಿಹೋಗುತ್ತಾರೆ. ನನ್ನ ಕಣ್ಣಿಗೆ ಅದು ಅಪ್ಪಟ ಫಾರಂ. ತುಂಬುವವಳು ಯಾರು, ಯಾವ ಹೊತ್ತಿನಲ್ಲಿ, ಎಂಥ ಬೆಳಕಿನಲ್ಲಿ ತುಂಬುತ್ತಾಳೆ ಎಂದು ಕೇಳಿಕೊಂಡು ತಿದ್ದಿದ ಫಾರಂ. ಇಂದಿನ ಸಾಫ್ಟ್‌ವೇರಿನಲ್ಲಿ ತಪ್ಪು ಎಂಟ್ರಿ ತಡೆಯಲು ನಾವು ಹಾಕುವ ವ್ಯಾಲಿಡೇಶನ್ ಮಾಡುವುದೂ ಆ ಕೊಂಡಿಯ ಕೆಲಸವನ್ನೇ.

ಅಮ್ಮ ಕೆಲಸಕ್ಕೆ ಸೇರಿದ್ದು ಎಂಬತ್ತರ ದಶಕದಲ್ಲಿ. ಅಷ್ಟು ಹೊತ್ತಿಗೆ ಕಾಲಂಗಳು ದೆಹಲಿಯಿಂದ ಬರುತ್ತಿದ್ದವು. ಅರ್ಹ ದಂಪತಿಗಳ ರಿಜಿಸ್ಟರ್, ಗರ್ಭಿಣಿಯರ ರಿಜಿಸ್ಟರ್, ಲಸಿಕೆಯ ರಿಜಿಸ್ಟರ್. ಅಚ್ಚಾದ ಪುಸ್ತಕ ಮುಗಿದರೆ ಉದ್ದನೆಯ ನೋಟ್‌ಬುಕ್ಕಿಗೆ ತಾನೇ ಸ್ಕೇಲಿಟ್ಟು ಗೆರೆ ಎಳೆಯುತ್ತಿದ್ದಳು. ಸಂತಾನಹರಣ ಆಪರೇಶನ್ ಟಾರ್ಗೆಟ್ಟಿನ ಕಾಲ ಅದು. ಮೇಲಿನವರ ಕಣ್ಣು ಬೀಳುತ್ತಿದ್ದದ್ದು ಒಂದೆರಡು ಕಾಲಂ ಮೇಲೆ ಮಾತ್ರ. ಕೊನೆಯಲ್ಲೊಂದು ‘ಷರಾ’ ಇರುತ್ತಿತ್ತಲ್ಲ, ಅದನ್ನು ಯಾರೂ ನೋಡುತ್ತಿರಲಿಲ್ಲ. ಅಮ್ಮ ನಿಜವಾಗಿ ಬರೆಯುತ್ತಿದ್ದದ್ದು ಅಲ್ಲಿ, ಅದೂ ಪೆನ್ಸಿಲ್ಲಿನಲ್ಲಿ. ‘ಅತ್ತೆ ಬಿಡಲ್ಲ.’ ‘ಕಬ್ಬಿಣದ ಮಾತ್ರೆ ತಿಪ್ಪೆಗೆ.’ ‘7ಕ್ಕೆ ತವರಿಗೆ, ಕುಣಿಗಲ್ ಕಡೆ.’

ಈ ಕೊನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನಲ್ಲಿ. ಸೀಮಂತ ಮುಗಿಸಿ ಐದನೇ, ಏಳನೇ ಇಲ್ಲವೇ ಒಂಬತ್ತನೇ ತಿಂಗಳಲ್ಲಿ ಕರೆದೊಯ್ಯುತ್ತಾರೆ. ಎಂಟರಲ್ಲಿ ಕಳಿಸುವುದಿಲ್ಲ. ಹೆಸರು ಬರೆಸಿದ್ದು ಗಂಡನ ಊರಿನಲ್ಲಿ, ಹೆರುವುದು ಇನ್ನೆಲ್ಲೋ. ಗಂಡನ ಊರಿನ ರಿಜಿಸ್ಟರಿನಲ್ಲಿ ಅವಳು ಇದ್ದಕ್ಕಿದ್ದಂತೆ ಮಾಯ. ತವರಿನ ರಿಜಿಸ್ಟರಿನಲ್ಲಿ ಏಳು ತಿಂಗಳ ಬಸುರಿ ದಿಢೀರನೆ ಪ್ರತ್ಯಕ್ಷ. ರಕ್ತ ಎಷ್ಟಿತ್ತು, ಬಿ.ಪಿ. ಎಷ್ಟಿತ್ತು ಎಂಬುದು ಹಿಂದೆಯೇ ಉಳಿಯುತ್ತಿತ್ತು. ತಾಯಿ ಕಾರ್ಡ್ ಬಂದು ಹೆಂಗಸಿನ ಕೈಗೇ ದಾಖಲೆ ಕೊಟ್ಟಮೇಲೆ ಈ ತೊಂದರೆ ಎಷ್ಟೋ ನೀಗಿತು. ಕಂಪ್ಯೂಟರಿಗಿಂತ ದೊಡ್ಡ ಸುಧಾರಣೆ ಅದೇ ಎಂಬುದು ನನ್ನ ಅಭಿಪ್ರಾಯ. ನನ್ನ ಉದ್ಯೋಗದವರು ಒಪ್ಪಲಿಕ್ಕಿಲ್ಲ.

ಇನ್ನು ನನ್ನ ಉದ್ಯೋಗದ ಮಾತು. 2004ರಲ್ಲಿ ಅಮೆರಿಕದ ಇಂಡಿಯಾನಾದ ರೀಗನ್‌ಸ್ಟ್ರೀಫ್ ಸಂಸ್ಥೆ ಮತ್ತು ಪಾರ್ಟ್‌ನರ್ಸ್ ಇನ್ ಹೆಲ್ತ್ ಎಂಬ ಸಂಸ್ಥೆಯವರು ಸೇರಿ ಓಪನ್‌ಎಂಆರ್‌ಎಸ್ ಎಂಬ ತಂತ್ರಾಂಶ ಶುರುಮಾಡಿದರು. 2006ರಲ್ಲಿ ಕೀನ್ಯಾದ ಎಲ್ಡೊರೆಟ್‌ನಲ್ಲಿ ಎಚ್‌ಐವಿ ರೋಗಿಗಳ ದಾಖಲೆಗೆ ಅದು ಬಳಕೆಗೆ ಬಂತು. ಯಾರು ಬೇಕಾದರೂ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು. ತಮಾಷೆ ಎಂದರೆ ಮೊದಮೊದಲು ಅದರ ಫಾರಂ ಮಾಡಲು ಮೈಕ್ರೋಸಾಫ್ಟಿನ ಇನ್ಫೋಪಾತ್ ಎಂಬ ದುಡ್ಡುಕೊಟ್ಟು ಕೊಳ್ಳುವ ತಂತ್ರಾಂಶವೇ ಬೇಕಿತ್ತು. ಆ ಪರಾವಲಂಬನೆ ಆಮೇಲೆ ಕಳಚಿತು. ಇದೇ ಬುನಾದಿಯ ಮೇಲೆ ಬೆಂಗಳೂರಿನಲ್ಲಿ ಥಾಟ್‌ವರ್ಕ್ಸ್ ಕಂಪನಿಯವರು ಬಾಹ್ಮ್ನಿ ಎಂಬ ಆಸ್ಪತ್ರೆ ತಂತ್ರಾಂಶವನ್ನು ಕಟ್ಟಿದರು. ಮೊದಲು ಕಟ್ಟಿದ್ದು ಛತ್ತೀಸಗಢದ ಗನಿಯಾರಿಯಲ್ಲಿರುವ ಜನ ಸ್ವಾಸ್ಥ್ಯ ಸಹಯೋಗ್ ಆಸ್ಪತ್ರೆಗಾಗಿ.

ಬಾಹ್ಮ್ನಿಯಲ್ಲಿ ಫಾರಂ ಮುಖ್ಯವಲ್ಲ, ಅದರ ಹಿಂದಿನ ನಿಘಂಟು ಮುಖ್ಯ. ಕೇಳುವ ಪ್ರತಿ ಪ್ರಶ್ನೆಯನ್ನೂ ಮೊದಲು ‘ಕಾನ್ಸೆಪ್ಟ್’ ಎಂದು ನೋಂದಾಯಿಸಬೇಕು. ಉತ್ತರ ಸಂಖ್ಯೆಯೋ, ತಾರೀಖೋ, ಬಿಡಿ ಬರಹವೋ, ಪಟ್ಟಿಯಿಂದ ಆರಿಸುವಂಥದ್ದೋ ಎಂದು ಹೇಳಬೇಕು. ಸಂಖ್ಯೆಯಾದರೆ ಕೆಳಗಿನ ಮಿತಿ, ಮೇಲಿನ ಮಿತಿ. ಆಮೇಲೆ ಫಾರಂ ಬಿಲ್ಡರಿನಲ್ಲಿ ಅವನ್ನು ಎಳೆದು ತಂದು ಜೋಡಿಸುವುದು, ಕನ್ನಡದ ಹೆಸರು ಕೊಡುವುದು, ಪಬ್ಲಿಶ್ ಒತ್ತುವುದು. ಮುಂದೆ ತಿದ್ದಿದರೆ ಹೊಸ ಆವೃತ್ತಿಯಾಗುತ್ತದೆ. ಹಳೆಯದರಲ್ಲಿ ತುಂಬಿದ್ದು ಹಾಗೇ ಉಳಿಯುತ್ತದೆ. ಮೇಲಿನಿಂದಲೇ ಬರುತ್ತಿದ್ದ ಖಾನೆಯನ್ನು ಆಸ್ಪತ್ರೆಯವರು ತಾವೇ ಗೀಚಿಕೊಳ್ಳಬಹುದಾದದ್ದು ಈಗ.

ಗರ್ಭಿಣಿಯರ ಫಾರಂ ಒಂದನ್ನು ಕಟ್ಟುವಾಗ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ತವರಿನ ಮಾತನ್ನು ಕೊನೆಯ ಬಿಡಿ ಬರಹದ ಖಾನೆಗೆ ತಳ್ಳಿದರೆ ಕಂಪ್ಯೂಟರ್ ಅದನ್ನು ಎಣಿಸಲಾರದು. ಮುಂದಿನ ತಿಂಗಳು ಊರು ಬಿಡುವವರು ಯಾರು ಎಂದು ಪಟ್ಟಿ ಕೇಳಿದರೆ ಕೊಡಲಾರದು. ಹಾಗಾಗಿ ಪ್ರತ್ಯೇಕ ಕಾನ್ಸೆಪ್ಟ್ ಮಾಡಿದೆವು. ‘ತವರಿಗೆ ಹೋಗುವ ತಿಂಗಳು’ ಎಂದು ಸಂಖ್ಯೆ ಕೇಳೋಣವೆಂದರೆ ಅಮ್ಮ ಸುತರಾಂ ಒಪ್ಪಲಿಲ್ಲ. ‘ಅಯ್ಯೋ, ಎಂಟು ಅಂತ ಯಾವಳು ಹೇಳ್ತಾಳೆ ಕಣೇ? ಐದು, ಏಳು, ಒಂಬತ್ತು ಅಂತ ಇಡು. ಹೋಗಲ್ಲ ಅಂತ್ಲೂ ಒಂದು ಇಡು. ತವರಿಲ್ದೋರು ಇರ್ತಾರೆ, ಅವರನ್ನ ಕೇಳೋವಾಗ ಬಾಯಿ ಬರಲ್ಲ, ಅದನ್ನ ಸ್ಕ್ರೀನಲ್ಲಿ ಮುಟ್ಟಿಬಿಟ್ರೆ ಆಯ್ತು.’ ಆ ನಾಲ್ಕು ಆಯ್ಕೆಗಳನ್ನೇ ಇಟ್ಟೆವು. ಜೊತೆಗೆ ತವರಿನ ಊರು, ಅಲ್ಲಿನ ಒಂದು ಫೋನ್ ನಂಬರ್.

ಒಂದು ತೊಡಕು ಉಳಿದಿದೆ. ನಾವೇ ಹುಟ್ಟಿಸಿದ ಕಾನ್ಸೆಪ್ಟು ನಮ್ಮ ಸರ್ವರಿಗೆ ಮಾತ್ರ ಗೊತ್ತು. ಇನ್ನೊಂದು ಆಸ್ಪತ್ರೆಯ ತಂತ್ರಾಂಶಕ್ಕೆ ಅದು ತಿಳಿಯಬೇಕಾದರೆ ಎರಡೂ ಕಡೆಯವರು ಒಂದೇ ಸಂಕೇತಕ್ಕೆ ಒಪ್ಪಿ ಜೋಡಿಸಿಕೊಂಡಿರಬೇಕು. ಹುಡುಗಿ ಕುಣಿಗಲ್ಲಿಗೆ ಹೋಗುತ್ತಾಳೆಂದು ಇಲ್ಲಿನ ಕಂಪ್ಯೂಟರಿಗೆ ಗೊತ್ತಿದ್ದೂ ಕುಣಿಗಲ್ಲಿನದಕ್ಕೆ ಗೊತ್ತಾಗುವುದಿಲ್ಲ. ಸದ್ಯಕ್ಕೆ ಹೊರಡುವ ಮುಂಚೆ ಒಂದು ಹಾಳೆ ಪ್ರಿಂಟ್ ತೆಗೆದು ತಾಯಿ ಕಾರ್ಡಿನೊಳಗೆ ಇಟ್ಟು ಕಳಿಸುವ ಹಾಗೆ ಏರ್ಪಾಡು ಮಾಡಿದ್ದೇವೆ.